ಅರವತ್ತು ದಾಟಿದವರಿಗೆ ಕೊಡಗಿನ ತೋಟಗಳಲ್ಲಿ ಓರಿಯೆಂಟಿಯರಿಂಗ್

ನಕ್ಷೆ, ಕಂಪಾಸ್ ಹಿಡಿದು, ಅಲ್ಲಲ್ಲಿ ಇಟ್ಟ ಧ್ವಜಗಳನ್ನು ಒಂದೊಂದಾಗಿ ಹುಡುಕಿ ಮುಟ್ಟುವ ಆಟವೇ ಓರಿಯೆಂಟಿಯರಿಂಗ್. ಇದರಲ್ಲಿ ಹಿರಿಯರ ವಿಭಾಗ 35ನೇ ವಯಸ್ಸಿಗೇ ಶುರುವಾಗಿ ಐದೈದು ವರ್ಷಕ್ಕೊಂದರಂತೆ ಮುಂದುವರಿಯುತ್ತದೆ. ಓಡಲೇಬೇಕೆಂದಿಲ್ಲ. ಕೊಡಗಿನಂಥ ಏರಿಳಿತದ ನೆಲದಲ್ಲಿ ದಾರಿ ಸರಿಯಾಗಿ ಆರಿಸಿದ ನಡಿಗೆಯವರು, ಬೇಲಿ ಹಾರಿ ನೇರ ನುಗ್ಗಿದ ಓಟಗಾರರಿಗಿಂತ ಮೊದಲೇ ಧ್ವಜ ಮುಟ್ಟುವುದುಂಟು.

ಓರಿಯೆಂಟಿಯರಿಂಗ್ ಕ್ಲಬ್ಬಿನಲ್ಲಿ 1:7,500 ಅಳತೆಯ ನಕ್ಷೆ ಕೇಳಿ ಪಡೆಯಿರಿ. ಅದರಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 75 ಮೀಟರ್. ಬೈಫೋಕಲ್ ಕನ್ನಡಕ ಬೇಡ. ಅದರ ಕೆಳಭಾಗದಿಂದ ನೆಲ ನೋಡಿದಾಗ ಮಸುಕಾಗಿ, ಬರೆ (ಕಡಿದಾದ ಇಳಿಜಾರು) ಇಳಿಯುವಾಗ ಕಾಲು ತಪ್ಪುತ್ತದೆ. ದೂರ ನೋಡುವ ಕನ್ನಡಕ ಹಾಕಿಕೊಂಡು, ನಕ್ಷೆಗೆ ಭೂತಗನ್ನಡಿ ಇರುವ ಕಂಪಾಸ್ ಬಳಸಿ. ಈ ನಕ್ಷೆಗಳ ಉತ್ತರ ಗೆರೆಗಳು ಕಾಂತೀಯ ಉತ್ತರಕ್ಕೇ ಹೊಂದಿಸಿದವು. ಮುಳ್ಳಿಗೆ ಆ ಗೆರೆ ಸಮಾನಾಂತರವಾಗುವವರೆಗೆ ನಕ್ಷೆ ತಿರುಗಿಸಿದರೆ ಸಾಕು, ಬೇರೆ ಲೆಕ್ಕ ಬೇಡ. ಪ್ರತಿ ತಿರುವಿನಲ್ಲೂ ಮತ್ತೆ ಹೊಂದಿಸಿ, ನೀವಿರುವ ಜಾಗದ ಮೇಲೆ ಹೆಬ್ಬೆರಳಿಡಿ.

ದಾರಿ ಆರಿಸುವಾಗ 10 ಮೀಟರ್ ಏರು ಅಂದರೆ ಸಮನೆಲದ 100 ಮೀಟರ್ ಎಂದು ಎಣಿಸಿ. ನಕ್ಷೆಯಲ್ಲಿ ನೆಲದ ಎತ್ತರ ತೋರಿಸುವ ಕಂದು ಗೆರೆಗಳ ನಡುವಿನ ಎತ್ತರದ ಅಂತರ 5 ಮೀಟರ್ ಇದ್ದು, ನೇರ ದಾರಿ 300 ಮೀಟರ್ ಉದ್ದದಲ್ಲಿ ಆರು ಗೆರೆ ಹತ್ತಿಸುವುದಾದರೆ, ಅದು 600 ಮೀಟರ್ ನಡೆದಂತೆ. ಗುಡ್ಡ ಬಳಸಿ ಸಮಮಟ್ಟದಲ್ಲಿ ಹೋಗುವ ತೋಟದ ರಸ್ತೆ 500 ಮೀಟರ್ ಇದ್ದರೂ ಅದೇ ಲಾಭ. ಮಂಡಿಗೂ ಅದೇ ಹಿತ.

ದೂರ ಅಳೆಯಲು ಮೊದಲೇ 100 ಮೀಟರ್ ಗುರುತು ಮಾಡಿ, ಬಲಗಾಲು ಊರಿದಾಗ ಮಾತ್ರ ಎಣಿಸುತ್ತ ನಡೆಯಿರಿ; ಸಾಮಾನ್ಯವಾಗಿ 65ರಿಂದ 80 ಬರುತ್ತದೆ. ಏರಿನಲ್ಲಿ ಹೆಚ್ಚುವುದರಿಂದ ಅದನ್ನು ಬೇರೆಯಾಗಿ ಅಳೆದಿಟ್ಟುಕೊಳ್ಳಿ.

ಕಾಫಿ ತೋಟದಲ್ಲಿ ದಾರಿ ತಪ್ಪಿಸುವುದು ಗಿಡಗಳ ಸಾಲಿನ ನಡುವಿನ ಕಾಲುಹಾದಿಗಳು. ಎಲ್ಲವೂ ಒಂದೇ ಥರ, ಅವುಗಳಲ್ಲಿ ಹೆಚ್ಚಿನವು ನಕ್ಷೆಯಲ್ಲೇ ಇರುವುದಿಲ್ಲ. ನೆರಳಿನ ಮರಗಳ ಕೊಂಬೆ ಕಡಿದ ವರ್ಷ ತೋಟದ ಚಹರೆಯೇ ಬೇರೆ. ಹಾಗಾಗಿ ಕೆರೆ, ಕಣ, ತೋಡು (ಸಣ್ಣ ಹಳ್ಳ), ಗದ್ದೆಯ ಅಂಚು ಇಂಥವನ್ನೇ ನಂಬಿ. ಧ್ವಜಕ್ಕೆ ಹತ್ತಿರದ ಅಂಥದೊಂದು ಗುರುತಿಗೆ ಮೊದಲು ಹೋಗಿ, ಅಲ್ಲಿಂದ ಕಂಪಾಸ್ ಹಿಡಿದು ಹೆಜ್ಜೆ ಎಣಿಸಿ. ಎಣಿಕೆ ಮುಗಿದರೂ ಕಿತ್ತಳೆ-ಬಿಳಿ ಧ್ವಜ ಕಾಣದಿದ್ದರೆ ಸುತ್ತಮುತ್ತ ಹುಡುಕಾಡಬೇಡಿ, ಆ ಗುರುತಿಗೇ ಮರಳಿ. ಗೊತ್ತಿಲ್ಲದ ಜಾಗದಿಂದ ಹುಡುಕಲು ಹೊರಟರೆ ಸಣ್ಣ ತಪ್ಪು ದೊಡ್ಡದಾಗುತ್ತದೆ.

ಮಳೆಗಾಲ ಬಿಟ್ಟು ಆಡಿ. ಮಾಲೀಕರ ಒಪ್ಪಿಗೆಯ ಜೊತೆಗೆ, ಆನೆ ಬಂದಿದೆಯೇ ಎಂದು ಅದೇ ಬೆಳಿಗ್ಗೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ರನ್ನು ಕೇಳಿ. ಬಂದಿದ್ದರೆ ಅಂದಿನ ಆಟ ರದ್ದು. ಆನೆ ಕಂದಕಕ್ಕೆ ಇಳಿಯಬೇಡಿ, ಸೋಲಾರ್ ಬೇಲಿ ಮುಟ್ಟಬೇಡಿ. ಒಂದು ಲೀಟರ್ ನೀರು, ಸೀಟಿ, ನಿತ್ಯದ ಮಾತ್ರೆ ಕಿಸೆಯಲ್ಲಿರಲಿ. ಆಪತ್ತಿಗೆ ನಿಮಿಷಕ್ಕೆ ಆರು ಸಲ ಸೀಟಿ ಊದಿ. ಅರ್ಧಕ್ಕೇ ನಿಲ್ಲಿಸಿದರೂ ಮುಕ್ತಾಯದ ಜಾಗಕ್ಕೆ ಬಂದು ಹೆಸರು ಹೇಳಿಯೇ ಮನೆಗೆ ಹೋಗಿ. ಇಲ್ಲವಾದರೆ ನಿಮ್ಮನ್ನು ಹುಡುಕಲು ಕತ್ತಲಾಗುವವರೆಗೂ ಜನ ತೋಟದೊಳಗೆ ಅಲೆಯಬೇಕಾಗುತ್ತದೆ.