ನಾರ್ತಾಂಪ್ಟನ್‌ಗೆ ಹೊಸದಾಗಿ ಬಂದಿರೋ ಕನ್ನಡಿಗರಿಗೆ: ಈ ಊರಿನ ಹಳೇ ಬರೋ ಕೌನ್ಸಿಲ್, ಈಗಿನ ಕೌನ್ಸಿಲ್, ನಿಮ್ಮ ಓಟು

ಹೊಸದಾಗಿ ಬಂದೋರು ಜಿಪಿ, ಅಂದ್ರೆ ಮನೆ ಹತ್ರದ ಡಾಕ್ಟರ್, ರಿಜಿಸ್ಟ್ರೇಷನ್ ಬಗ್ಗೆ ಕೇಳ್ತಾರೆ, ಮಕ್ಕಳ ಸ್ಕೂಲ್ ಬಗ್ಗೆ ಕೇಳ್ತಾರೆ, ಯೂಸ್ಟನ್‌ಗೆ ಟ್ರೇನ್ ಪಾಸ್ ಎಷ್ಟು ಅಂತ ಕೇಳ್ತಾರೆ, ಆದ್ರೆ ತಿಂಗಳು ತಿಂಗಳು ಬಾಡಿಗೆ ಬಿಟ್ರೆ ಅತಿ ಹೆಚ್ಚು ದುಡ್ಡು ಹೋಗೋ ಜಾಗಗಳಲ್ಲಿ ಒಂದಾದ ಕೌನ್ಸಿಲ್ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂತು, ಡೈರೆಕ್ಟ್ ಡೆಬಿಟ್ ಹಾಕಿದ್ವಿ, ಮುಗೀತು. ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದ್ದೀನಿ, ಟೀ ಕುಡೀತಾ ನಿಧಾನಕ್ಕೆ ಓದಿ.

ಮೊದಲು ಒಂದು ಗೊಂದಲ ಬಿಡಿಸ್ಬಿಡೋಣ. ಇಲ್ಲಿ ಹಳಬರು ಯಾರ ಹತ್ರ ಮಾತಾಡಿದ್ರೂ "ಬರೋ ಕೌನ್ಸಿಲ್" (borough, ಅಂದ್ರೆ ಊರಿನ ಆಡಳಿತ) ಅಂತ ಹೇಳ್ತಾರೆ, ಹಳೇ ಬೋರ್ಡುಗಳಲ್ಲೂ ಅಲ್ಲಲ್ಲಿ ಆ ಹೆಸರು ಉಳ್ಕೊಂಡಿದೆ, ಆದ್ರೆ ನಾರ್ತಾಂಪ್ಟನ್ ಬರೋ ಕೌನ್ಸಿಲ್ ಅನ್ನೋದು ಈಗ ಇಲ್ಲ. 2021ರ ಏಪ್ರಿಲ್ 1ಕ್ಕೆ ಅದು ಮುಚ್ಚಿಹೋಯ್ತು. ಈಗ ನಿಮ್ಮ ಕಸ, ರಸ್ತೆ, ಸ್ಕೂಲ್ ಅಡ್ಮಿಷನ್, ಲೈಬ್ರರಿ, ಪ್ಲಾನಿಂಗ್ ಪರ್ಮಿಷನ್ ಎಲ್ಲಾ ನೋಡ್ಕೊಳ್ಳೋದು ವೆಸ್ಟ್ ನಾರ್ತಾಂಪ್ಟನ್‌ಶೈರ್ ಕೌನ್ಸಿಲ್. ಹಳೇ ಬರೋ ಜೊತೆಗೆ ಡಾವೆಂಟ್ರಿ, ಸೌತ್ ನಾರ್ತಾಂಪ್ಟನ್‌ಶೈರ್ ಅನ್ನೋ ಎರಡು ಡಿಸ್ಟ್ರಿಕ್ಟು ಸೇರಿಸಿ ಮಾಡಿದ್ದು.

ಹಾಗಾದ್ರೆ ಸತ್ತುಹೋದ ಕೌನ್ಸಿಲ್ ಕಥೆ ನಮಗ್ಯಾಕೆ ಅಂತೀರ? ಯಾಕಂದ್ರೆ ಇವತ್ತು ಇಲ್ಲಿ ಜನ ಕೌನ್ಸಿಲ್ ಹೆಸರೆತ್ತಿದ್ರೆ ಯಾಕೆ ಸಿಡುಕ್ತಾರೆ ಅನ್ನೋದು ಆ ಕಥೆ ಗೊತ್ತಿಲ್ದೆ ಅರ್ಥ ಆಗಲ್ಲ.

ಊರು ಬಹಳ ಹಳೇದು. 1189ರಲ್ಲೇ ಒಂದನೇ ರಿಚರ್ಡ್ ರಾಜ ಚಾರ್ಟರ್ ಕೊಟ್ಟಿದ್ದ. 1835ರ ಮುನಿಸಿಪಲ್ ಕಾಯ್ದೆ ಬಂದ್ಮೇಲೆ ಚುನಾಯಿತ ಕೌನ್ಸಿಲ್ ಬಂತು, 1889ರಿಂದ ಇದು ಕೌಂಟಿ ಬರೋ, ಅಂದ್ರೆ ಸ್ಕೂಲಿಂದ ಹಿಡಿದು ರಸ್ತೆವರೆಗೆ ಊರಿನ ಕೆಲಸ ಊರೇ ನೋಡ್ಕೋತಿತ್ತು. ಸೇಂಟ್ ಜೈಲ್ಸ್ ಸ್ಕ್ವೇರ್‌ನಲ್ಲಿರೋ ಗಿಲ್ಡ್‌ಹಾಲ್ ನೋಡಿಲ್ಲ ಅಂದ್ರೆ ಒಂದ್ಸಲ ಹೋಗ್ಬನ್ನಿ, 1860ರ ದಶಕದಲ್ಲಿ ಕಟ್ಟಿದ್ದು, ಮುಂದುಗಡೆ ಪೂರ್ತಿ ಕಲ್ಲಿನ ಕೆತ್ತನೆ, ಬೂಟು ಹೊಲಿದು ಬೆಳೆದ ಊರಿಗೆ ತನ್ನ ಮೇಲೆ ಎಷ್ಟು ಹೆಮ್ಮೆ ಇತ್ತು ಅಂತ ಆ ಕಟ್ಟಡ ನೋಡಿದ್ರೇ ಗೊತ್ತಾಗುತ್ತೆ.

ಇಲ್ಲೊಂದು ವಿಷಯ ಹೇಳ್ಲೇಬೇಕು, ಇದು ಕೌನ್ಸಿಲ್ ಚುನಾವಣೆ ಅಲ್ಲ, ಪಾರ್ಲಿಮೆಂಟ್ ಚುನಾವಣೆ, ಆದ್ರೂ. ಆಬಿಂಗ್ಟನ್ ಸ್ಕ್ವೇರ್‌ನಲ್ಲಿ ಕೈ ಚಾಚಿ ನಿಂತಿರೋ ಪ್ರತಿಮೆ ಇದ್ಯಲ್ಲ, ಅದು ಚಾರ್ಲ್ಸ್ ಬ್ರಾಡ್ಲಾ ಅವರದ್ದು. ನಾಸ್ತಿಕ. 1880ರಲ್ಲಿ ಈ ಊರಿಂದ ಗೆದ್ರು, ದೇವರ ಹೆಸರಿನ ಪ್ರಮಾಣವಚನದ ವಿಚಾರಕ್ಕೆ ಪಾರ್ಲಿಮೆಂಟ್ ಒಳಗೆ ಕೂರೋಕೆ ಬಿಡ್ಲಿಲ್ಲ, ಸೀಟು ಖಾಲಿ ಮಾಡಿಸಿ ಮತ್ತೆ ಚುನಾವಣೆ ಇಟ್ರು, ಈ ಊರಿನ ಚಮ್ಮಾರರು ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿ ಕಳಿಸಿದ್ರು, ಕೊನೆಗೆ 1886ರಲ್ಲಿ ಕೂರಿಸ್ಕೊಂಡ್ರು. ಇಂಡಿಯಾ ಪರ ಎಷ್ಟು ಮಾತಾಡ್ತಿದ್ರು ಅಂದ್ರೆ "ಮೆಂಬರ್ ಫಾರ್ ಇಂಡಿಯಾ" ಅಂತಾನೇ ಕರೀತಿದ್ರು. 1889ರಲ್ಲಿ ಬಾಂಬೆ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ರು. 1891ರಲ್ಲಿ ಅವರು ತೀರಿಕೊಂಡಾಗ ಲಂಡನ್‌ನಲ್ಲಿ ಓದ್ತಿದ್ದ ಗಾಂಧೀಜಿ ಅಂತ್ಯಸಂಸ್ಕಾರಕ್ಕೆ ಹೋಗಿದ್ರು. ಆ ಪ್ರತಿಮೆ ಪಕ್ಕದಲ್ಲಿ ದಿನಾ ಓಡಾಡೋ ನಮ್ಮೋರಿಗೆ ಇದು ಗೊತ್ತಿರ್ಬೇಕು ಅಂತ ನನಗೆ ತುಂಬಾ ಆಸೆ.

ಸರಿ, ಕೌನ್ಸಿಲ್‌ಗೆ ಬರೋಣ. 1974ರಲ್ಲಿ ದೇಶದ ತುಂಬಾ ಲೋಕಲ್ ಗವರ್ನಮೆಂಟ್ ತಿದ್ದಿ ಬರೆದ್ರು. ಬರೋ ಅನ್ನೋ ಹೆಸರು ಉಳೀತು, ಅಧಿಕಾರ ಹೋಯ್ತು. ಸ್ಕೂಲು, ರಸ್ತೆ, ವಯಸ್ಸಾದವರ ಆರೈಕೆ ಇಡೀ ನಾರ್ತಾಂಪ್ಟನ್‌ಶೈರ್ ನೋಡ್ಕೋತಿದ್ದ ಕೌಂಟಿ ಕೌನ್ಸಿಲ್ ಪಾಲಿಗೆ, ಕಸ, ಮನೆ, ಪಾರ್ಕು, ಪ್ಲಾನಿಂಗ್, ಟ್ಯಾಕ್ಸ್ ವಸೂಲಿ ಬರೋ ಪಾಲಿಗೆ. ರಸ್ತೆ ಗುಂಡಿಗೆ ಒಬ್ಬರಿಗೆ ಫೋನು, ಕಸಕ್ಕೆ ಇನ್ನೊಬ್ಬರಿಗೆ. ಈ ಹೊಸ ರೂಪದ ಕೌನ್ಸಿಲ್‌ಗೆ ಮೊದಲ ಚುನಾವಣೆ 1973ರಲ್ಲಿ, ಆಮೇಲೆ 1976, 1979, ಅಲ್ಲಿಂದ ನಾಲ್ಕು ವರ್ಷಕ್ಕೊಂದ್ಸಲ ಪೂರ್ತಿ ಕೌನ್ಸಿಲ್‌ಗೆ ಒಟ್ಟಿಗೇ.

ಆ ಹೊತ್ತಿಗೆ ಊರೂ ಬದಲಾಗ್ತಿತ್ತು. 1968ರಲ್ಲಿ ನ್ಯೂ ಟೌನ್ ಅಂತ ಘೋಷಿಸಿ ಪೂರ್ವದ ಕಡೆ, ಆಮೇಲೆ ದಕ್ಷಿಣದ ಕಡೆ ಸಾಲು ಸಾಲು ಹೊಸ ಎಸ್ಟೇಟ್ ಕಟ್ಟಿದ್ರು, ಲಂಡನ್ ಕಡೆಯಿಂದ ಜನ ಬಂದು ತುಂಬ್ಕೊಂಡ್ರು, ಬೂಟ್ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದ್ವು. ಹಾಗಾಗಿ ಓಟು ಒಂದೇ ಕಡೆ ನಿಲ್ಲೋ ಊರಾಗಿ ಇದು ಉಳೀಲಿಲ್ಲ. ಕ್ಯಾಸಲ್, ಸೆಮಿಲಾಂಗ್ ಕಡೆ ಲೇಬರ್ ಅಂದ್ರೆ ಈಸ್ಟ್ ಹನ್ಸ್‌ಬರಿ ಕಡೆ ಕನ್ಸರ್ವೇಟಿವ್. 1999ರಲ್ಲಿ ಲೇಬರ್ ಕೈಲಿತ್ತು, 2003ರಲ್ಲಿ ಯಾರಿಗೂ ಬಹುಮತ ಇಲ್ಲ, 2007ರಲ್ಲಿ ಲಿಬರಲ್ ಡೆಮಾಕ್ರಾಟ್‌ಗಳು ಗೆದ್ರು, ನಾಲ್ಕೇ ವರ್ಷಕ್ಕೆ 2011ರಲ್ಲಿ ಕನ್ಸರ್ವೇಟಿವ್ ಬಂದ್ರು, 2015ರಲ್ಲೂ ಅವರೇ. ಸಾಧಾರಣ ಮಾಡಿದ್ರೆ ಮುಲಾಜಿಲ್ದೆ ಮನೆಗೆ ಕಳಿಸೋ ಮತದಾರರು, ನನಗೆ ಈ ಊರಲ್ಲಿ ಇಷ್ಟ ಆಗೋ ಗುಣ ಅದು.

ಮುಂದಿನದ್ದನ್ನ ಗಮನ ಇಟ್ಟು ಓದಿ. 2013ರಲ್ಲಿ ಬರೋ ಕೌನ್ಸಿಲ್ ಇಲ್ಲಿನ ಫುಟ್‌ಬಾಲ್ ಕ್ಲಬ್‌ಗೆ, ಕಾಬ್ಲರ್ಸ್ ಅಂತಾರಲ್ಲ ಅವರಿಗೆ, ಸಿಕ್ಸ್‌ಫೀಲ್ಡ್ಸ್ ಸ್ಟೇಡಿಯಂ ಕೆಲಸಕ್ಕೆ ಅಂತ 1 ಕೋಟಿ ಪೌಂಡ್‌ಗೂ ಮೇಲೆ ಸಾಲ ಕೊಡೋಕೆ ಒಪ್ಕೊಂಡ್ತು. ದುಡ್ಡು ಹೋಯ್ತು, ಈಸ್ಟ್ ಸ್ಟ್ಯಾಂಡ್ ಮಾತ್ರ ವರ್ಷಗಟ್ಟಲೆ ಅರ್ಧಂಬರ್ಧ ನಿಂತಿತ್ತು, ಪೊಲೀಸ್ ತನಿಖೆ ಆಯ್ತು, ಆಡಿಟರ್ ರಿಪೋರ್ಟ್ ಬಂತು. ಇದೆಲ್ಲಾ ದೊಡ್ಡ ಸುದ್ದಿ ಆಗಿದ್ದು 2015ರ ಕೊನೆಗೆ, ಅಂದ್ರೆ ಆ ವರ್ಷ ಮೇನಲ್ಲಿ ಚುನಾವಣೆ ಮುಗಿದು ತಿಂಗಳುಗಳಾದ್ಮೇಲೆ. ಸರಿ, 2019ರಲ್ಲಿ ಜನ ತೀರ್ಪು ಕೊಡ್ತಾರೆ ಅಂದ್ಕೊಂಡ್ರೆ, ಅದು ಬರಲೇ ಇಲ್ಲ.

ಯಾಕೆ ಬರ್ಲಿಲ್ಲ? 2018ರ ಫೆಬ್ರವರಿಯಲ್ಲಿ ಕೌಂಟಿ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಕೊಟ್ಟಿತು, ಸರಳವಾಗಿ ಹೇಳೋದಾದ್ರೆ ಕೈ ಎತ್ತಿಬಿಡ್ತು, ಅಗತ್ಯ ಸೇವೆ ಬಿಟ್ಟು ಹೊಸ ಖರ್ಚು ಮಾಡೋ ಹಾಗಿಲ್ಲ. ಸರ್ಕಾರ ಕಳಿಸಿದ ಇನ್ಸ್‌ಪೆಕ್ಟರ್ ಮ್ಯಾಕ್ಸ್ ಕಾಲರ್, ಇದನ್ನ ರಿಪೇರಿ ಮಾಡೋಕಾಗಲ್ಲ, ಮುಚ್ಚಿ ಹೊಸದಾಗಿ ಎರಡು ಕೌನ್ಸಿಲ್ ಮಾಡಿ ಅಂತ ವರದಿ ಕೊಟ್ರು. ದುಡ್ಡು ಕಳ್ಕೊಂಡಿದ್ದು ಕೌಂಟಿ, ಆದ್ರೆ ಅದರ ಕೆಳಗಿದ್ದ ಬರೋ, ಡಿಸ್ಟ್ರಿಕ್ಟ್ ಎಲ್ಲಾ ಒಟ್ಟಿಗೆ ಹೋದ್ವು. ಹೆಂಗೂ ಮುಚ್ಚೋದು ಅಂತ 2019ರ ಚುನಾವಣೆ 2020ಕ್ಕೆ ಹಾಕಿದ್ರು, ಕೋವಿಡ್ ಬಂತು, 2021ಕ್ಕೆ ಹೋಯ್ತು. ನಾಲ್ಕು ವರ್ಷಕ್ಕೆ ಆರಿಸಿ ಬಂದೋರು ಹತ್ತಿರ ಹತ್ತಿರ ಆರು ವರ್ಷ ಕೂತ್ರು, ಅಲ್ಲೊಂದು ಇಲ್ಲೊಂದು ಉಪಚುನಾವಣೆ ಬಿಟ್ರೆ ಬರೋ ಮತದಾರರಿಗೆ ಆ ಸಾಲದ ಬಗ್ಗೆ ಓಟಿನಲ್ಲಿ ಮಾತಾಡೋ ಅವಕಾಶ ಸಿಗಲೇ ಇಲ್ಲ. ಇದು ನನಗೆ ಈಗಲೂ ಸಂಕಟ ಆಗೋ ವಿಷಯ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದು ಕಾರ್ಪೊರೇಟರೇ ಇಲ್ದೆ ವರ್ಷಗಟ್ಟಲೆ ಕಳೆದ ಬೆಂಗಳೂರಿನೋರಿಗೆ ಇದನ್ನ ನಾನು ಬಿಡಿಸಿ ಹೇಳ್ಬೇಕಿಲ್ಲ.

2021ರ ಮೇ 6ಕ್ಕೆ ಹೊಸ ಕೌನ್ಸಿಲ್‌ಗೆ ಮೊದಲ ಚುನಾವಣೆ. 31 ವಾರ್ಡು, ಒಂದೊಂದಕ್ಕೆ 3 ಜನ, ಒಟ್ಟು 93 ಸೀಟು, ಕನ್ಸರ್ವೇಟಿವ್‌ಗೆ 66. ಅವತ್ತು ಬೂತಲ್ಲಿ ಒಂದಕ್ಕಿಂತ ಹೆಚ್ಚು ಚೀಟಿ ಕೊಟ್ರು, ಕೌನ್ಸಿಲ್ ಚೀಟಿಯಲ್ಲಿ ಮೂರು ಗುರುತು ಹಾಕ್ಬಹುದಿತ್ತು, ಪೊಲೀಸ್ ಫೈರ್ ಕಮಿಷನರ್ ಚೀಟಿಯಲ್ಲಿ ಎರಡು ಕಾಲಮ್, ಮೊದಲ ಆಯ್ಕೆ ಎರಡನೇ ಆಯ್ಕೆ. ಗಾಬರಿ ಆದೋರು ಬರೀ ನಮ್ಮೋರಲ್ಲ, ಇಲ್ಲೇ ಹುಟ್ಟಿದೋರೂ ಕೇಳ್ತಿದ್ರು. 2025ರ ಮೇನಲ್ಲಿ ಎರಡನೇ ಚುನಾವಣೆ, ಸೀಟು 76ಕ್ಕೆ ಇಳಿದಿತ್ತು, ರಿಫಾರ್ಮ್ ಯುಕೆ 42 ಗೆದ್ದು ಅಧಿಕಾರಕ್ಕೆ ಬಂತು. ವಲಸೆ ಬಗ್ಗೆ ಆ ಪಕ್ಷದ ನಿಲುವು ಏನು ಅಂತ ನೀವು ಪೇಪರ್‌ನಲ್ಲಿ ಓದೇ ಇರ್ತೀರ. ಯಾರಿಗೆ ಹಾಕ್ಬೇಕು ಅಂತ ನಾನು ಹೇಳಲ್ಲ, ಆದ್ರೆ ಯಾರು ಕೂರ್ತಾರೆ ಅನ್ನೋದು ನಮಗೆ ಸಂಬಂಧ ಇಲ್ಲದ ವಿಷಯ ಅಂತ ಮಾತ್ರ ಅಂದ್ಕೋಬೇಡಿ.

ಈಗ ಮುಖ್ಯ ವಿಷಯ, ಬಹಳ ಜನಕ್ಕೆ ಗೊತ್ತೇ ಇಲ್ಲ: ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ ನೀವು ಇಲ್ಲಿ ಓಟು ಹಾಕ್ಬಹುದು. ಸಿಟಿಜನ್‌ಶಿಪ್ ಬೇಡ, ಐಎಲ್‌ಆರ್ (ಇಲ್ಲೇ ಕಾಯಂ ಇರೋ ಅನುಮತಿ) ಬೇಡ. ಕಾಮನ್‌ವೆಲ್ತ್ ದೇಶದೋರು ಅನ್ನೋ ಕಾರಣಕ್ಕೆ ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್, ಡಿಪೆಂಡೆಂಟ್ ಯಾವ ವೀಸಾ ಆದ್ರೂ ಸರಿ, 18 ತುಂಬಿದ್ರೆ ಕೌನ್ಸಿಲ್‌ಗೂ ಹಾಕ್ಬಹುದು ಪಾರ್ಲಿಮೆಂಟ್‌ಗೂ ಹಾಕ್ಬಹುದು. ವೀಸಾಗೆ ತೊಂದ್ರೆ ಆಗುತ್ತಾ, ಇಂಡಿಯನ್ ಪೌರತ್ವ ಹೋಗುತ್ತಾ ಅಂತ ಕೇಳ್ತಾರೆ, ಎರಡೂ ಇಲ್ಲ. ಕ್ಯಾಂಡಿಡೇಟ್ ಆಗಿ ನಿಲ್ಲೋಕೆ ಮಾತ್ರ ಐಎಲ್‌ಆರ್ ಇರ್ಬೇಕು. ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲ್ ಅವರು 2010ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋಗೆ ಮೇಯರ್ ಆಗಿದ್ರು, ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆ ಹಿಂದಿನ ಓಡಾಟವೂ ಅವರದ್ದೇ. ಅಂದ್ಹಾಗೆ ಇಲ್ಲಿ ಮೇಯರ್ ಅಂದ್ರೆ ಹೆಚ್ಚಿನ ಕಡೆ ಸರಪಳಿ ಹಾಕ್ಕೊಂಡು ಸಮಾರಂಭಕ್ಕೆ ಬರೋ ಗೌರವದ ಹುದ್ದೆ, ದುಡ್ಡಿನ ತೀರ್ಮಾನ ಮಾಡೋದು ಕೌನ್ಸಿಲ್ ಲೀಡರ್. ನಾರ್ತಾಂಪ್ಟನ್‌ನಲ್ಲಿ ಹಳೇ ಬರೋ ಹೋದ್ಮೇಲೆ ಮೇಯರ್ ಪದವಿಯನ್ನ ಹೊಸ ಟೌನ್ ಕೌನ್ಸಿಲ್, ಅಂದ್ರೆ ಊರಿಗಷ್ಟೇ ಇರೋ ಚಿಕ್ಕ ಕೌನ್ಸಿಲ್, ಇಟ್ಕೊಂಡಿದೆ.

ರಿಜಿಸ್ಟರ್ ಮಾಡೋದು ಸರ್ಕಾರದ ವೆಬ್‌ಸೈಟಲ್ಲಿ, ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿಟ್ಕೊಳ್ಳಿ. ಚುನಾವಣೆಗೆ 12 ವರ್ಕಿಂಗ್ ಡೇ ಮುಂಚೆ ಮುಗಿಸಿರ್ಬೇಕು. ಫಾರ್ಮಲ್ಲಿ ಓಪನ್ ರಿಜಿಸ್ಟರ್ ಬೇಡ ಅಂತ ಟಿಕ್ ಮಾಡಿ, ಇಲ್ಲಾಂದ್ರೆ ನಿಮ್ಮ ವಿಳಾಸ ಯಾರು ಬೇಕಾದ್ರೂ ಕೊಂಡ್ಕೋಬಹುದು. ಮನೆ ಲೋನ್‌ಗೆ ಕ್ರೆಡಿಟ್ ಚೆಕ್ ಮಾಡೋವಾಗ್ಲೂ ಮತದಾರರ ಪಟ್ಟಿಯಲ್ಲಿ ಹೆಸರಿರೋದು ಅನುಕೂಲ. ಓಟು ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. ರಜಾ ಕೊಡಲ್ಲ, ಶಿಫ್ಟ್ ಮುಗಿಸಿ ಹೋಗ್ಬಹುದು. ಮಿಷನ್ ಇಲ್ಲ, ಬೆರಳಿಗೆ ಶಾಯಿ ಇಲ್ಲ, ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಕ್ರಾಸ್ ಹಾಕೋದು. 2023ರಿಂದ ಫೋಟೋ ಐಡಿ ಕಡ್ಡಾಯ. ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತೆ, ಆಧಾರ್ ಆಗ್ಲಿ ಊರಿನ ಡಿಎಲ್ ಆಗ್ಲಿ ನಡೆಯಲ್ಲ.

ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂದಾಗ ಮೊತ್ತ ಮಾತ್ರ ನೋಡಿ ಬದಿಗಿಡಬೇಡಿ, ಅದ್ರಲ್ಲಿ ಯಾರ್ಯಾರಿಗೆ ಎಷ್ಟು ಅಂತ ಸಾಲು ಸಾಲಾಗಿ ಇರುತ್ತೆ: ವೆಸ್ಟ್ ನಾರ್ತಾಂಪ್ಟನ್‌ಶೈರ್‌ಗೆ ದೊಡ್ಡ ಪಾಲು, ಪೊಲೀಸು, ಫೈರು, ಆಮೇಲೆ ಟೌನ್ ಕೌನ್ಸಿಲ್, ಡಸ್ಟನ್ ಬಿಲ್ಲಿಂಗ್ ಕಡೆ ಇದ್ರೆ ಅಲ್ಲಿನ ಪ್ಯಾರಿಷ್ ಕೌನ್ಸಿಲ್. ನಿಮ್ಮ ಬ್ಯಾಂಡ್ ಎ ಇಂದ ಎಚ್‌ವರೆಗೆ ಯಾವುದೋ ಒಂದಿರುತ್ತೆ, ಅದು ಆ ಮನೆಗೆ 1991ರ ಏಪ್ರಿಲ್‌ನಲ್ಲಿ ಇರಬಹುದಾಗಿದ್ದ ಬೆಲೆ ಮೇಲೆ, ನೀವು ಕೊಡೋ ಬಾಡಿಗೆ ಮೇಲೆ ಅಲ್ಲ. ಒಬ್ಬರೇ ಇದ್ರೆ 25% ಕಮ್ಮಿ ಆಗುತ್ತೆ, ಕೇಳಿ ತಗೊಳ್ಳಿ.

ಮುಂದಿನ ಕೌನ್ಸಿಲ್ ಚುನಾವಣೆ ಲೆಕ್ಕದ ಪ್ರಕಾರ 2029ಕ್ಕೆ, ಆದ್ರೆ ಉಪಚುನಾವಣೆ ಯಾವಾಗ ಬೇಕಾದ್ರೂ ಬರಬಹುದು. ಮನೆ ಬದಲಾಯಿಸಿದಾಗ ಓಟು ತಾನಾಗೇ ಜೊತೆಗೆ ಬರಲ್ಲ, ಅದೇ ಊರೊಳಗೆ ಪಕ್ಕದ ಬೀದಿಗೆ ಹೋದ್ರೂ ಮತ್ತೆ ರಿಜಿಸ್ಟರ್ ಮಾಡ್ಬೇಕು. ಪ್ರತಿ ವರ್ಷ ಬೇಸಿಗೆ ಹೊತ್ತಿಗೆ ಈ ಮನೇಲಿ ಯಾರ್ಯಾರಿದ್ದೀರ ಅಂತ ಕೌನ್ಸಿಲ್‌ನಿಂದ ಒಂದು ಪತ್ರ ಬರುತ್ತೆ, ಎಸೀಬೇಡಿ, ಬಿಚ್ಚಿ ಓದಿ, ಒಳಗೆ ಹಿಂದಿನ ಬಾಡಿಗೆದಾರರ ಹೆಸರಿದ್ರೆ ಅಥವಾ ಹೆಸರು ತಪ್ಪಿದ್ರೆ ತಿದ್ದಿಸಿ.