ಕಬ್ಬಿನ ಸಂಕರ ತಳಿಯಲ್ಲಿ ತಾಯಿಯ ಮತ್ತು ತಂದೆಯ ವರ್ಣತಂತುಗಳನ್ನು ಗುರುತಿಸುವ ವಿಧಾನ

ಮಂಡ್ಯದಿಂದ ಬೆಳಗಾವಿಯವರೆಗೆ ನಮ್ಮ ರೈತರು ಬೆಳೆಯುವ ಇಂದಿನ ಕಬ್ಬಿನ ತಳಿಗಳು ಒಂದೇ ಪ್ರಭೇದದಿಂದ ಬಂದವಲ್ಲ. ದಪ್ಪ ಜಲ್ಲೆಯ, ರಸಭರಿತ ಸಿಹಿ ಕಬ್ಬು ಸ್ಯಾಕರಮ್ ಅಫಿಸಿನೇರಮ್ ಒಂದು ಕಡೆಯದಾದರೆ, ಸಣಕಲು ಜಲ್ಲೆಯ, ಸಿಹಿ ಕಡಿಮೆಯಿದ್ದರೂ ಗಡುಸಾಗಿ ಬೆಳೆಯುವ ಕಾಡುಕಬ್ಬು ಸ್ಯಾಕರಮ್ ಸ್ಪಾಂಟೇನಿಯಮ್ ಇನ್ನೊಂದು ಕಡೆಯದು. 1912ರಲ್ಲಿ ಆರಂಭವಾದ ಕೊಯಮತ್ತೂರಿನ ತಳಿ ಅಭಿವೃದ್ಧಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಈ ಎರಡನ್ನೂ ಕೂಡಿಸಿ ಕೋ 205 ತಳಿಯನ್ನು ಪಡೆದರು. ಇಂದಿನ ತಳಿಗಳಲ್ಲಿ ಸಾಮಾನ್ಯವಾಗಿ 100ರಿಂದ 130 ವರ್ಣತಂತುಗಳಿರುತ್ತವೆ. ಅವೆಲ್ಲವೂ ತೀರ ಚಿಕ್ಕವು, ನೋಡಲು ಒಂದರಂತೆ ಇನ್ನೊಂದು. ಬರಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಯಾರಿಂದ ಬಂದದ್ದೆಂದು ಹೇಳಲಾಗದು.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಈ ವರ್ಣತಂತು ಯಾರ ಮನೆಯದು ಎಂಬುದು ಮೊದಲನೆಯದು. ಅದಕ್ಕೆ ಇಡೀ ಜೀನೋಮಿನ ಡಿಎನ್‌ಎಯನ್ನೇ ಪ್ರೋಬ್ ಆಗಿ, ಅಂದರೆ ತನಗೆ ಹೊಂದುವ ಜಾಗವನ್ನು ಹುಡುಕಿ ಅಂಟುವ ಗುರುತಿನ ತುಣುಕಾಗಿ, ಬಳಸುವ ಗಿಶ್ ವಿಧಾನ ಉತ್ತರ ಕೊಡುತ್ತದೆ. ಆ ಮನೆಯೊಳಗೆ ಇದು ಎಷ್ಟನೆಯದು ಎಂಬುದು ಎರಡನೆಯದು. ಅದಕ್ಕೆ ನಿರ್ದಿಷ್ಟ ಡಿಎನ್‌ಎ ತುಣುಕುಗಳನ್ನು ಬಳಸುವ ಫಿಶ್ ಬೇಕು. ಸಸ್ಯಗಳಲ್ಲಿ ಗಿಶ್ ವಿಧಾನವನ್ನು 1989ರಲ್ಲಿ ಕಾಡು ಬಾರ್ಲಿ ಮತ್ತು ಕಾಡು ರೈ ಸಂಕರದ ಮೇಲೆ ತೋರಿಸಲಾಯಿತು. ಎರಡೂ ಉತ್ತರಗಳು ಪರಸ್ಪರ ತಾಳೆಯಾಗುವವರೆಗೆ ಯಾವುದೇ ಸಂಖ್ಯೆಯನ್ನು ಪ್ರಕಟಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸ ಬೇರಿನಿಂದ ಶುರುವಾಗುತ್ತದೆ. ಒಂಟಿ ಕಣ್ಣಿನ ತುಂಡುಗಳನ್ನು ಒದ್ದೆ ಮರಳಿನಲ್ಲಿ ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಇಟ್ಟರೆ ಗಣ್ಣಿನ ಸುತ್ತಲಿಂದ ಬೇರುಗಳು ಹೊರಡುತ್ತವೆ. ಅವು ಒಂದು ಸೆಂಟಿಮೀಟರಿನಷ್ಟು ಉದ್ದವಿದ್ದಾಗ, ತುದಿ ಹಾಲುಬಿಳುಪಾಗಿ ಉಬ್ಬಿರುವಂಥವನ್ನೇ ಆರಿಸಿ ಬೆಳಗಿನ ಹೊತ್ತು ಕತ್ತರಿಸಬೇಕು. ಕಂದು ತಿರುಗಿದ ತುದಿಯಲ್ಲಿ ವಿಭಜನೆಯಾಗುವ ಕೋಶಗಳು ಸಿಗುವುದಿಲ್ಲ. ಕತ್ತರಿಸಿದ ತುದಿಗಳನ್ನು 2 ಮಿಲಿಮೋಲಾರ್ ಹೈಡ್ರಾಕ್ಸಿಕ್ವಿನೊಲಿನ್ ದ್ರಾವಣದಲ್ಲಿ ಸುಮಾರು 4 ಗಂಟೆ ಇಟ್ಟರೆ ವಿಭಜನೆ, ವರ್ಣತಂತುಗಳು ಬಿಡಿಬಿಡಿಯಾಗಿ ಸ್ಪಷ್ಟ ಕಾಣುವ ಮೆಟಾಫೇಸ್ ಹಂತದಲ್ಲಿ ನಿಲ್ಲುತ್ತದೆ. ಆಮೇಲೆ ಮೂರು ಪಾಲು ಎಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಒಂದು ದಿನ ಇಡಬೇಕು.

ಸ್ಲೈಡ್ ಕೆಟ್ಟರೆ ಮುಂದಿನದೆಲ್ಲ ವ್ಯರ್ಥ. ಆದ್ದರಿಂದ ಸಮಯದ ಬಹುಪಾಲನ್ನು ಇಲ್ಲಿಯೇ ಕೊಡುವುದು ಒಳ್ಳೆಯದು. ತುದಿಗಳನ್ನು ಸಿಟ್ರೇಟ್ ಬಫರಿನಲ್ಲಿ ತೊಳೆದು, ಸೆಲ್ಯುಲೇಸ್ ಮತ್ತು ಪೆಕ್ಟೊಲಯೇಸ್ ಕಿಣ್ವಗಳಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದರಿಂದ ಎರಡು ಗಂಟೆ ಇಡಬೇಕು. ಸೂಜಿಯಿಂದ ಮುಟ್ಟಿದಾಗ ತುದಿ ಬೆಂದ ಅನ್ನದ ಅಗುಳಿನಂತೆ ಕುಸಿದರೆ ಹದ ಬಂದಿದೆ ಎಂದರ್ಥ. ಕೊನೆಯ ಒಂದೆರಡು ಮಿಲಿಮೀಟರ್ ಭಾಗವನ್ನಷ್ಟೇ ಉಳಿಸಿಕೊಂಡು, ಶೇ 45ರ ಅಸಿಟಿಕ್ ಆಮ್ಲದ ಹನಿಯಲ್ಲಿ ಬಿಡಿಸಿ, ಕವರ್‌ಸ್ಲಿಪ್ ಮುಚ್ಚಿ, ಅದು ಅಡ್ಡಕ್ಕೆ ಜರುಗದಂತೆ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ದ್ರವ ಸಾರಜನಕದಲ್ಲಿ ಅದ್ದಿ ಕವರ್‌ಸ್ಲಿಪ್ಪನ್ನು ಬ್ಲೇಡಿನಿಂದ ಹಾರಿಸಿದ ಮೇಲೆ ಸ್ಲೈಡನ್ನು ಗಾಳಿಗೆ ಒಣಗಿಸಬೇಕು. ವರ್ಣತಂತುಗಳ ಸುತ್ತ ಮಸುಕಾದ ಕೋಶರಸ ಉಳಿದಿರುವ ಸ್ಲೈಡುಗಳನ್ನು ಮೊದಲೇ ಬದಿಗಿಡಿ; ಪ್ರೋಬ್ ಆ ಪೊರೆಗೂ ಅಂಟಿಕೊಂಡು ಇಡೀ ಹಿನ್ನೆಲೆ ಮಂಜುಮಂಜಾಗಿ ಹೊಳೆಯುತ್ತದೆ.

ಪ್ರೋಬಿಗಾಗಿ ಎರಡೂ ಪ್ರಭೇದಗಳ ಎಲೆಯಿಂದ ಡಿಎನ್‌ಎ ತೆಗೆದು, ಕಿಣ್ವಗಳಿಂದ ಗುರುತು ಸೇರಿಸುವ ನಿಕ್ ಟ್ರಾನ್ಸ್‌ಲೇಶನ್ ಮೂಲಕ ಒಂದಕ್ಕೆ ಡೈಗಾಕ್ಸಿಜೆನಿನ್, ಇನ್ನೊಂದಕ್ಕೆ ಬಯೋಟಿನ್ ಗುರುತು ಹಾಕಬೇಕು. ತುಣುಕುಗಳು 200ರಿಂದ 500 ಬೇಸ್ ಜೋಡಿಯಷ್ಟಿದ್ದರೆ ಸಾಕು. ಗೋಧಿ ಮತ್ತು ರೈ ಸಂಕರದಲ್ಲಿ ರೈ ಡಿಎನ್‌ಎಗೆ ಮಾತ್ರ ಗುರುತು ಹಾಕಿ, ಗುರುತಿಲ್ಲದ ಗೋಧಿ ಡಿಎನ್‌ಎಯನ್ನು ಹಲವು ಪಟ್ಟು ಬೆರೆಸಿ ಸಮಾನ ಅನುಕ್ರಮಗಳನ್ನು ತಡೆಯುವುದು ರೂಢಿ. ಕಬ್ಬಿನ ಎರಡು ಪ್ರಭೇದಗಳು ಬಹಳ ಹತ್ತಿರದ ಬಂಧುಗಳಾದ್ದರಿಂದ, ಇಲ್ಲಿ ಎರಡಕ್ಕೂ ಗುರುತು ಹಾಕಿ ಸಮಪ್ರಮಾಣದಲ್ಲಿ ಒಟ್ಟಿಗೇ ಬಿಟ್ಟು, ಅವು ಪರಸ್ಪರ ಪೈಪೋಟಿ ನಡೆಸುವಂತೆ ಮಾಡುವುದು ಮೇಲು.

ಸ್ಲೈಡಿಗೆ ಆರ್‌ಎನ್‌ಏಸ್ ಉಪಚಾರ ಕೊಟ್ಟು, ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿ, ಏರುವ ಪ್ರಮಾಣದ ಎಥನಾಲಿನಲ್ಲಿ ಒಣಗಿಸಿಕೊಳ್ಳಬೇಕು. ಶೇ 50 ಫಾರ್ಮಮೈಡ್, ಶೇ 10 ಡೆಕ್ಸ್‌ಟ್ರಾನ್ ಸಲ್ಫೇಟ್ ಮತ್ತು ಎರಡು ಪಟ್ಟು ಸಾಂದ್ರತೆಯ, ಉಪ್ಪು-ಸಿಟ್ರೇಟ್ ದ್ರಾವಣವಾದ ಎಸ್‌ಎಸ್‌ಸಿ ಇರುವ ಮಿಶ್ರಣದಲ್ಲಿ ಪ್ರೋಬುಗಳನ್ನು ಸೇರಿಸಿ, 80 ಡಿಗ್ರಿಯಲ್ಲಿ ಎಳೆಗಳನ್ನು ಬಿಡಿಸಿ, ತೇವದ ಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಫಾರ್ಮಮೈಡ್ ಗರ್ಭಸ್ಥ ಶಿಶುವಿಗೆ ಹಾನಿ ಮಾಡುವ ರಾಸಾಯನಿಕ. ಕೈಗವಸು ಮತ್ತು ಹೊಗೆಗೂಡು ಇಲ್ಲದೆ ಅದನ್ನು ಮುಟ್ಟಲೇಬೇಡಿ. ಮರುದಿನ ಶೇ 20 ಫಾರ್ಮಮೈಡ್ ಇರುವ ತೆಳು ಎಸ್‌ಎಸ್‌ಸಿಯಲ್ಲಿ 42 ಡಿಗ್ರಿಯಲ್ಲಿ ತೊಳೆದರೆ ಸರಿಯಾಗಿ ಹೊಂದದ ಜೋಡಿಗಳು ಬಿಟ್ಟುಹೋಗುತ್ತವೆ. ಅನಂತರ ಕಾಡುಕಬ್ಬಿನ ಪ್ರೋಬಿಗೆ ಹಸಿರು, ಸಿಹಿ ಕಬ್ಬಿನದಕ್ಕೆ ಕೆಂಪು ಹೊಳಪು ಕೊಡುವ ಪ್ರತಿಕಾಯ (ಡೈಗಾಕ್ಸಿಜೆನಿನ್ ಗುರುತಿಗೆ) ಅಥವಾ ಸ್ಟ್ರೆಪ್ಟಾವಿಡಿನ್ (ಬಯೋಟಿನ್ ಗುರುತಿಗೆ) ಹಾಕಿ, ಕೊನೆಗೆ ಡಿಎನ್‌ಎಗೆ ಅಂಟುವ ಡ್ಯಾಪಿಯಿಂದ ಎಲ್ಲ ವರ್ಣತಂತುಗಳಿಗೂ ನೀಲಿ ಬಣ್ಣ ಕೊಡಬೇಕು. ಸಂಕರದ ಜೊತೆಗೆ ಇಬ್ಬರು ಪೋಷಕರ ಸ್ಲೈಡುಗಳನ್ನೂ ಇದೇ ದಿನ, ಇದೇ ದ್ರಾವಣದಲ್ಲಿ ನಡೆಸಿ. ಶುದ್ಧ ಸಿಹಿ ಕಬ್ಬಿನ ಕೋಶದಲ್ಲಿ ಹಸಿರು ವರ್ಣತಂತು ಕಂಡರೆ ಸಂಕರದ ಫಲಿತಾಂಶವನ್ನು ನಂಬುವಂತಿಲ್ಲ.

ಈಗ ಎಣಿಕೆ. ಸಿಹಿ ಕಬ್ಬಿನಲ್ಲಿ 80 ವರ್ಣತಂತುಗಳಿದ್ದು ಮೂಲಸಂಖ್ಯೆ, ಅಂದರೆ ಒಂದು ಗುಂಪಿನಲ್ಲಿರುವ ವರ್ಣತಂತುಗಳ ಸಂಖ್ಯೆ, 10; ಹಾಗಾಗಿ ಎಂಟು ಗುಂಪು. 64 ವರ್ಣತಂತುಗಳ ಕಾಡುಕಬ್ಬಿನಲ್ಲಿ ಮೂಲಸಂಖ್ಯೆ 8; ಅಲ್ಲಿಯೂ ಎಂಟು ಗುಂಪು. ಇವೆರಡರ ಸಂಕರದಲ್ಲಿ ತಾಯಿ ಸಿಹಿ ಕಬ್ಬು ತನ್ನ 80ನ್ನೂ ಕೊಟ್ಟು, ತಂದೆ ಅರ್ಧವನ್ನಷ್ಟೇ ಕೊಡುವುದು ಸಾಮಾನ್ಯ. ಆಗ 80 ಕೆಂಪು, 32 ಹಸಿರು, ಒಟ್ಟು 112 ಸಿಗಬೇಕು. ಇದನ್ನು ಫಿಶ್‌ನಿಂದ ಪರೀಕ್ಷಿಸಬಹುದು. ರೈಬೊಸೋಮ್ ಆರ್‌ಎನ್‌ಎಯ 5ಎಸ್ ಮತ್ತು 45ಎಸ್ ಜೀನುಗಳು ಒಂದೊಂದು ಗುಂಪಿನಲ್ಲಿ ಒಂದೊಂದು ಕಡೆ, ಅದೂ ಬೇರೆಬೇರೆ ವರ್ಣತಂತುಗಳ ಮೇಲೆ ಇರುವುದರಿಂದ ಎರಡೂ ಪೋಷಕರಲ್ಲಿ ಎಂಟೆಂಟು ಚುಕ್ಕೆ ಕಾಣುತ್ತವೆ. ಹಾಗಾದರೆ ಸಂಕರದಲ್ಲಿ ಪ್ರತಿಯೊಂದಕ್ಕೂ 8 ಕೆಂಪು ವರ್ಣತಂತುಗಳ ಮೇಲೆ, 4 ಹಸಿರಿನ ಮೇಲೆ, ಒಟ್ಟು 12 ಚುಕ್ಕೆ ಬರಬೇಕು. ಗಿಶ್‌ನಲ್ಲಿ 32 ಹಸಿರು ಎಣಿಸಿ, ಫಿಶ್‌ನಲ್ಲಿ ಹಸಿರಿನ ಮೇಲೆ ಆರು ಚುಕ್ಕೆ ಕಂಡರೆ ಎಲ್ಲೋ ತಪ್ಪಿದೆ. ಉಳಿದ ವರ್ಣತಂತುಗಳನ್ನು ಒಂದೊಂದಾಗಿ ಹೆಸರಿಸಲು ಜೀನೋಮ್ ಅನುಕ್ರಮದಿಂದ ಆರಿಸಿ ತಯಾರಿಸಿದ ಸಾವಿರಾರು ಚಿಕ್ಕ ಆಲಿಗೊ ಪ್ರೋಬುಗಳು ಬೇಕು. ಕಾಡುಕಬ್ಬಿನ ಜೀನೋಮ್ 2018ರಲ್ಲಿ ಪ್ರಕಟವಾದ ಮೇಲೆ ಈ ದಾರಿ ಸುಗಮವಾಗಿದೆ.

ಎರಡು ಕಡೆ ಕಣ್ಣು ಮೋಸಹೋಗುತ್ತದೆ. 45ಎಸ್ ಇರುವ ಜಾಗ ಕೆಲವು ಕೋಶಗಳಲ್ಲಿ ನೂಲಿನಂತೆ ಎಳೆದುಕೊಂಡು, ಆಚೆಗಿನ ತುಂಡು ಪ್ರತ್ಯೇಕ ವರ್ಣತಂತುವಿನಂತೆ ಕಂಡು ಎಣಿಕೆ ಒಂದೆರಡು ಹೆಚ್ಚುತ್ತದೆ. 45ಎಸ್ ಪ್ರೋಬಿನ ಚಿತ್ರವನ್ನು ಮೇಲಿಟ್ಟು ನೋಡಿದರೆ ತುಂಡು ಎಲ್ಲಿಯದೆಂದು ತಿಳಿಯುತ್ತದೆ. ಎರಡನೆಯದು ಅರ್ಧ ಕೆಂಪು, ಅರ್ಧ ಹಸಿರಾಗಿ ಕಾಣುವ ವರ್ಣತಂತು. ಇಂದಿನ ತಳಿಗಳಲ್ಲಿ ಎರಡೂ ಮನೆಯ ಭಾಗಗಳು ಬೆಸೆದ ಇಂಥ ವರ್ಣತಂತುಗಳು ನಿಜವಾಗಿಯೂ ಇವೆ, ಆದರೆ ಎರಡು ಬೇರೆ ವರ್ಣತಂತುಗಳ ತುದಿಗಳು ಒಂದರ ಮೇಲೊಂದು ಬಿದ್ದರೂ ಹೀಗೆಯೇ ಕಾಣುತ್ತದೆ. ನಿಜವಾದದ್ದರಲ್ಲಿ ಹಸಿರು ನಿಲ್ಲುವ ಗೆರೆಯಲ್ಲಿಯೇ ಕೆಂಪು ಆರಂಭವಾಗುತ್ತದೆ, ಅಲ್ಲಿ ಡ್ಯಾಪಿಯ ನೀಲಿ ದಟ್ಟವಾಗುವುದಿಲ್ಲ. ಮೇಲೆ ಬಿದ್ದದ್ದರಲ್ಲಿ ನೀಲಿ ದಪ್ಪಗೆ ಕಾಣುತ್ತದೆ. ಅದೇ ಆಕಾರ ಕನಿಷ್ಠ ಐದಾರು ಕೋಶಗಳಲ್ಲಿ ಮರುಕಳಿಸಿದರೆ ಮಾತ್ರ ದಾಖಲಿಸಿ.

ಗಿಶ್ ಮುಗಿದ ಸ್ಲೈಡನ್ನೇ ತೊಳೆದು ಫಿಶ್‌ಗೆ ಬಳಸಬಹುದು. ಆದ್ದರಿಂದ ಒಳ್ಳೆಯ ಕೋಶ ಸಿಕ್ಕ ಕೂಡಲೇ ಸೂಕ್ಷ್ಮದರ್ಶಕದ ಅಳತೆಪಟ್ಟಿಯ ಎರಡೂ ಸಂಖ್ಯೆಗಳನ್ನು ಸ್ಲೈಡಿನ ಹೆಸರಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಅದೇ ಕೋಶಕ್ಕೆ ಮರಳಲು ಇರುವ ದಾರಿ ಅದೊಂದೇ.