ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಣಿತ ಕಲಿಸುವುದು ಹೇಗೆ?

2020ರಲ್ಲಿ ಕೋವಿಡ್ ಕಾರಣಕ್ಕೆ ಶಾಲೆಗಳು ಬಾಗಿಲು ಹಾಕಿದಾಗ ಶುರುವಾದ ತರಗತಿಯ ವಾಟ್ಸ್‌ಆ್ಯಪ್ ಗುಂಪುಗಳು ಬಹಳಷ್ಟು ಕಡೆ ಇಂದಿಗೂ ಉಳಿದಿವೆಯಾದರೂ, ಅವುಗಳಲ್ಲಿ ಈಗ ಕಾಣುವುದು ಹೋಂವರ್ಕ್ ಪಟ್ಟಿ, ರಜೆಯ ಸೂಚನೆ ಮತ್ತು ಗುಲಾಬಿ ಹೂವಿನ ಶುಭೋದಯ. ಗಣಿತದ ಶಿಕ್ಷಕರು ಹೆಚ್ಚೆಂದರೆ ಬಿಡಿಸಿದ ಲೆಕ್ಕಗಳ ಪಿಡಿಎಫ್ ಹಾಕುತ್ತಾರೆ. ಅದರಿಂದ ಮಕ್ಕಳಿಗೆ ಉತ್ತರ ಸಿಗುತ್ತದೆಯೇ ಹೊರತು, ಐವತ್ತು ಮಕ್ಕಳ ತರಗತಿಯಲ್ಲಿ ಯಾವ ಮಗು ಯಾವ ಹಂತದಲ್ಲಿ ಎಡವುತ್ತಿದೆ ಎಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ. ಗುಂಪನ್ನು ಬಳಸಬೇಕಾದದ್ದು ಈ ಎಡವುವ ಜಾಗವನ್ನು ಕಾಣುವುದಕ್ಕೆ.

ಆರಂಭಕ್ಕೆ ಮುನ್ನ ಮುಖ್ಯ ಶಿಕ್ಷಕರ ಅನುಮತಿಯನ್ನೂ ಪೋಷಕರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಬೇಕು. ವಾಟ್ಸ್‌ಆ್ಯಪ್ ಬಳಸಲು ನಮ್ಮಲ್ಲಿ ಕನಿಷ್ಠ 13 ವರ್ಷ ಆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ಫೋನ್ ಸಂಖ್ಯೆಯೂ ಉಳಿದವರಿಗೆ ಕಾಣುವುದರಿಂದ, ಹತ್ತನೇ ತರಗತಿಯೇ ಆಗಿದ್ದರೂ ಮಕ್ಕಳ ಸ್ವಂತ ಸಂಖ್ಯೆಗಿಂತ ಪೋಷಕರ ಸಂಖ್ಯೆಯನ್ನು ಸೇರಿಸುವುದೇ ಲೇಸು. ಅನಂತರ, ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದಾದ ಸೆಟ್ಟಿಂಗ್ ಆಯ್ದುಕೊಂಡು, ಸಂಜೆ ಏಳರಿಂದ ಎಂಟರವರೆಗೆ ಮಾತ್ರ ಗುಂಪನ್ನು ಎಲ್ಲರಿಗೂ ತೆರೆಯಬೇಕು. ಈ ಒಂದೇ ಕ್ರಮದಿಂದ ಗುಲಾಬಿ ಹೂಗಳು ತಾವಾಗಿಯೇ ಬಾಡಿಹೋಗುತ್ತವೆ.

ಮುಂದಿನದು ಪೋಲ್, ಅಂದರೆ ಪ್ರಶ್ನೆಯೊಂದಿಗೆ ಆಯ್ಕೆಗಳನ್ನು ಕೊಟ್ಟು ಮತ ಕೇಳುವ ಸಂದೇಶ, ಸಿದ್ಧಪಡಿಸುವ ಕೆಲಸ. ಇಡೀ ಪ್ರಯತ್ನದ ತಿರುಳು ಇಲ್ಲಿದೆ. ವರ್ಗ ಸಮೀಕರಣದ ಪಾಠ ನಡೆಯುತ್ತಿದೆ ಎಂದುಕೊಳ್ಳಿ. ‘ಎಕ್ಸ್‌ನ ವರ್ಗ 5 ಎಕ್ಸ್‌ಗೆ ಸಮ, ಎಕ್ಸ್‌ನ ಬೆಲೆ ಏನು?’ ಎಂದು ಕೇಳಿ, ಆಯ್ಕೆಗಳಾಗಿ ‘5 ಮಾತ್ರ’, ‘0 ಮತ್ತು 5’, ‘5 ಮತ್ತು −5’ ಎಂದು ಕೊಡಿ. ಮೊದಲನೆಯದನ್ನು ಒತ್ತಿದ ಮಗು ಎರಡೂ ಬದಿಯನ್ನು ಎಕ್ಸ್‌ನಿಂದ ಭಾಗಿಸಿದೆ; ಎಕ್ಸ್ ಸೊನ್ನೆಯೂ ಆಗಿರಬಹುದು, ಸೊನ್ನೆಯಿಂದ ಭಾಗಿಸುವಂತಿಲ್ಲ ಎಂಬುದು ಅದಕ್ಕೆ ಹೊಳೆದಿಲ್ಲ. ಕೊನೆಯದನ್ನು ಒತ್ತಿದ ಮಗು ಇದನ್ನು ‘ಎಕ್ಸ್‌ನ ವರ್ಗ 25’ ಎಂಬ ಇನ್ನೊಂದು ಲೆಕ್ಕದೊಂದಿಗೆ ಬೆರೆಸಿಕೊಂಡಿದೆ. ಹೀಗೆ ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಒಂದು ನಿಜವಾದ ತಪ್ಪು ತಿಳಿವಳಿಕೆ ಇರಬೇಕು. ಬಾಯಿಗೆ ಬಂದ ಸಂಖ್ಯೆಗಳನ್ನು ಆಯ್ಕೆಯಾಗಿ ಕೊಟ್ಟರೆ ಫಲಿತಾಂಶದಿಂದ ಏನೂ ತಿಳಿಯದು. ವಾಟ್ಸ್‌ಆ್ಯಪ್ ಪೋಲ್‌ನಲ್ಲಿ 12 ಆಯ್ಕೆಗಳವರೆಗೆ ಅವಕಾಶವಿದೆ, ಆದರೆ ಮೂರು ನಾಲ್ಕು ಸಾಕು. ಒಂದಕ್ಕಿಂತ ಹೆಚ್ಚು ಉತ್ತರ ಆರಿಸಲು ಬಿಡುವ ಗುಂಡಿಯನ್ನು ಪೋಲ್ ಕಳುಹಿಸುವ ಮೊದಲೇ ಆಫ್ ಮಾಡಿಬಿಡಬೇಕು, ಇಲ್ಲವಾದರೆ ಕೆಲವರು ಮೂರನ್ನೂ ಒತ್ತಿ ಕೂರುತ್ತಾರೆ.

ಇಲ್ಲಿ ಒಂದು ತೊಡಕಿದೆ. ಗುಂಪಿನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಎಲ್ಲರಿಗೂ ಕಾಣುತ್ತದೆ. ತರಗತಿಗೆ ಮೊದಲಿಗಳಾದ ಹುಡುಗಿ ಒತ್ತಿದ್ದನ್ನೇ ಉಳಿದವರೂ ಕಣ್ಣುಮುಚ್ಚಿ ಒತ್ತುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಶಾಲೆ ಬಿಡುವ ಹೊತ್ತಿಗೆ ಕಪ್ಪುಹಲಗೆಯ ಮೇಲೆ ಬರೆದು, ಎಲ್ಲರೂ ಮೊದಲು ನೋಟ್‌ಬುಕ್ಕಿನಲ್ಲಿ ಬಿಡಿಸಿ, ಆಮೇಲಷ್ಟೇ ಮತ ಹಾಕಬೇಕೆಂಬ ನಿಯಮ ಮಾಡುವುದು ಒಳ್ಳೆಯದು. ತಪ್ಪು ಒತ್ತಿದವರ ಹೆಸರನ್ನು ಮಾತ್ರ ಗುಂಪಿನಲ್ಲಿ ಎಂದೂ ಎತ್ತಬಾರದು. ಒಮ್ಮೆ ಎತ್ತಿದರೆ ಆ ಮಗು ಮತ್ತೆ ಮತ ಹಾಕುವುದಿಲ್ಲ.

ಮತ ಹಾಕಿದ ಮೇಲೆ ಕಾರಣ ಕೇಳಬೇಕು. ವರ್ಗದ ಚಿಹ್ನೆ, ಭಿನ್ನರಾಶಿ, ವರ್ಗಮೂಲ ಇವನ್ನೆಲ್ಲ ಮೊಬೈಲ್ ಕೀಲಿಮಣೆಯಲ್ಲಿ ಟೈಪ್ ಮಾಡಿಸುವುದು ಮಕ್ಕಳಿಗೆ ಶಿಕ್ಷೆಯೇ ಸರಿ. ಬದಲಿಗೆ ಒಂದು ಲೆಕ್ಕಕ್ಕೆ ಒಂದೇ ಪುಟದ ಫೋಟೊ, ಅದರೊಂದಿಗೆ ಅರ್ಧ ನಿಮಿಷದ ಧ್ವನಿ ಸಂದೇಶ ಇವೆರಡನ್ನು ಶಿಕ್ಷಕರ ಸಂಖ್ಯೆಗೆ ಕಳುಹಿಸಲು ಹೇಳಿ. ‘ಸರ್, ಎರಡೂ ಕಡೆ ಎಕ್ಸ್ ಇತ್ತಲ್ಲ, ಹೊಡೆದುಹಾಕಿದೆ’ ಎಂಬ ಒಂದು ಮಾತಿನಲ್ಲಿ ಇರುವ ಮಾಹಿತಿ, ಉತ್ತರ ಪತ್ರಿಕೆಯ ಕೆಂಪು ಗೀಟಿನಲ್ಲಿ ಇರುವುದಿಲ್ಲ. ಕ್ಯಾಮೆರಾ ಹಿಡಿದರೆ ಸಾಕು, ಹಂತಹಂತವಾಗಿ ಲೆಕ್ಕ ಬಿಡಿಸಿಕೊಡುವ ಆ್ಯಪ್‌ಗಳು ಮಕ್ಕಳ ಕೈಯಲ್ಲಿರುವಾಗ, ‘ಬಿಡಿಸಿ’ ಎನ್ನುವುದಕ್ಕಿಂತ ‘ಈ ಲೆಕ್ಕದ ಎಷ್ಟನೇ ಸಾಲಿನಲ್ಲಿ ತಪ್ಪಿದೆ, ಯಾಕೆ ತಪ್ಪು ಎಂದು ನಿಮ್ಮ ಮಾತಿನಲ್ಲಿ ಹೇಳಿ’ ಎನ್ನುವುದು ಹೆಚ್ಚು ಪ್ರಯೋಜನಕಾರಿ.

ವಾರಕ್ಕೊಮ್ಮೆ ಸಾಮಾಜಿಕ ಜಾಲತಾಣಗಳ ಒಗಟುಗಳನ್ನೂ ತರಗತಿಗೆ ತರಬಹುದು. 2019ರಲ್ಲಿ ಟ್ವಿಟರ್‌ನಲ್ಲಿ ದೊಡ್ಡ ಜಗಳ ಹಚ್ಚಿದ 8÷2(2+2) ಎಂಬ ಲೆಕ್ಕವನ್ನೇ ನೋಡಿ. ಆವರಣವನ್ನು ಬಿಡಿಸಿ ಎಡದಿಂದ ಬಲಕ್ಕೆ ಹೋದವರಿಗೆ 16 ಬಂತು; 2(2+2) ಎಂಬುದು ಒಂದೇ ಗಂಟು ಎಂದು ತಿಳಿದವರಿಗೆ 1 ಬಂತು. ಜಗಳವಿದ್ದದ್ದು ಗಣಿತದಲ್ಲಲ್ಲ, ಬರೆದ ರೀತಿಯಲ್ಲಿ. ಯಾರು ಸರಿ ಎಂದು ಕೇಳುವ ಬದಲು, ಉತ್ತರ 16 ಮಾತ್ರವೇ ಬರುವಂತೆಯೂ 1 ಮಾತ್ರವೇ ಬರುವಂತೆಯೂ ಇನ್ನೊಂದು ಆವರಣವನ್ನು ಎಲ್ಲಿ ಹಾಕುವಿರಿ ಎಂದು ಕೇಳಿದರೆ, ಆವರಣ ಏಕೆ ಬೇಕೆಂಬುದು ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ. ಯೂಟ್ಯೂಬ್ ವಿಡಿಯೊದ ವಿಷಯ ಇಷ್ಟೇ: ಕೊಂಡಿಯನ್ನು ಸುಮ್ಮನೆ ಕಳುಹಿಸಬೇಡಿ, ಯಾವ ನಿಮಿಷದಲ್ಲಿ ನಿಲ್ಲಿಸಿ ಯಾವ ಪ್ರಶ್ನೆಗೆ ಉತ್ತರಿಸಬೇಕೆಂದು ಬರೆದು ಕಳುಹಿಸಿ.

ಕೊನೆಯ ಹಂತ ಮರುದಿನದ ಗಣಿತದ ಅವಧಿಯಲ್ಲಿ ನಡೆಯುತ್ತದೆ. ಸರಿಯುತ್ತರವನ್ನು ಗುಂಪಿನಲ್ಲಿ ಹಾಕದೆ ಉಳಿಸಿಕೊಂಡು, ಮತಗಳ ಲೆಕ್ಕವನ್ನಷ್ಟೇ ಹಲಗೆಯ ಮೇಲೆ ಬರೆಯಬೇಕು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ, ಅಥವಾ ಅಪ್ಪನ ಜೊತೆ ಫೋನೂ ರಾತ್ರಿ ಪಾಳಿಗೆ ಹೋಗಿಬಿಟ್ಟ ಮಕ್ಕಳು ಆಗ ಕೈಯೆತ್ತಿ ತಮ್ಮ ಮತ ಸೇರಿಸಲಿ. ಆಮೇಲೆ 5 ಎಕ್ಸನ್ನು ಎಡಕ್ಕೆ ತಂದು, ಎಕ್ಸನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆಯುವ ಹಂತವನ್ನು, ‘5 ಮಾತ್ರ’ ಎಂದವರಲ್ಲಿ ಒಪ್ಪಿ ಮುಂದೆ ಬಂದವರ ಕೈಗೇ ಸೀಮೆಸುಣ್ಣ ಕೊಟ್ಟು ಮಾಡಿಸಿ.